ಯಾವ ಸಂಗೀತಕ್ಕೆ ಅಪ್‌ಗ್ರೇಡ್?

ಕಳೆದ ವರ್ಷ ಫೆಲೋಶಿಪ್ಪಿನ ಏಳು ತಿಂಗಳ ಬಾಕಿ ಒಂದೇ ಸಲ ಖಾತೆಗೆ ಬಿತ್ತು. ಗೆಳೆಯರ ಸಾಲ, ಚಾಮರಾಜಪೇಟೆಯ ರೂಮಿನ ಬಾಡಿಗೆ, ಊರಿಗೆ ಕಳಿಸಬೇಕಾದ್ದು ಎಲ್ಲ ಕಳೆದು 40,000 ರೂಪಾಯಿ ಉಳಿಯಿತು. ಅದನ್ನು ಏನು ಮಾಡಬೇಕೆಂಬ ಬಗ್ಗೆ ನನಗೆ ಒಂದು ಕ್ಷಣವೂ ಅನುಮಾನವಿರಲಿಲ್ಲ. ಮೂರು ವರ್ಷದ ಹಿಂದೆ ಬಳೇಪೇಟೆಯಲ್ಲಿ 6,500ಕ್ಕೆ ಕೊಂಡಿದ್ದ ಮ್ಯಾಂಡೊಲಿನ್ನನ್ನು ಮೂಲೆಗಿಟ್ಟು ‘ಒಳ್ಳೆಯದೊಂದು’ ತೆಗೆದುಕೊಳ್ಳಬೇಕು. ಬಸವನಗುಡಿಯ ಪಾಠದಲ್ಲಿ ವರ್ಣಗಳು ಮುಗಿದು ತೋಡಿ ಶುರುವಾಗಿತ್ತು. ತೋಡಿಯ ಗಾಂಧಾರ ನನ್ನ ವಾದ್ಯದಲ್ಲಿ ಹುಟ್ಟುತ್ತಲೇ ಇರಲಿಲ್ಲ. ತಪ್ಪು ವಾದ್ಯದ್ದೇ ಎಂದು ತೀರ್ಮಾನಿಸಿದ್ದೆ. ಅಷ್ಟರಮಟ್ಟಿಗೆ ನಾನು ಸರಿಯಾಗಿಯೇ ಇದ್ದೆ.

ಮುಂದಿನ ಎರಡು ತಿಂಗಳು ಪ್ರಬಂಧದ ಮೂರನೇ ಅಧ್ಯಾಯ ಬರೆಯಬೇಕಾದ ಹೊತ್ತಿನಲ್ಲೆಲ್ಲ ವಿಡಿಯೋ ನೋಡಿದೆ. ಕೊಳ್ಳುವವರಿಗೆ ಅಲ್ಲೊಂದು ಸಿದ್ಧ ಏಣಿಯಿದೆ. ಮೊದಲ ಮೆಟ್ಟಿಲಲ್ಲಿ ಪ್ಲೈವುಡ್ಡಿನ ಡಬ್ಬಿ, ಆಮೇಲೆ ಮೇಲ್ಹಲಗೆ ಮಾತ್ರ ಇಡೀ ಮರದ್ದು, ಆಮೇಲೆ ಪೂರ್ತಿ ಕೆತ್ತಿದ್ದು. ಏಣಿಯ ತುದಿಯಲ್ಲಿ 1920ರ ದಶಕದ ಗಿಬ್ಸನ್ ಎಫ್-5 ದೇವರಂತೆ ಕೂತಿದೆ. ಭುಜದ ಹತ್ತಿರ ಮರದ ಸುರುಳಿ ಇರುವ ಆಕಾರ ಅದು. ನನ್ನ ದುಡ್ಡಿಗೆ ಸುರುಳಿಯಿರುವ ಅದರ ಅಗ್ಗದ ನಕಲೊಂದು ಸಿಗುತ್ತಿತ್ತು. ಚಿತ್ರವನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ಪಿಟೀಲಿನವರು, ಮ್ಯಾಂಡೊಲಿನ್ ಮುಟ್ಟಿದವರಲ್ಲ. ಹಾಡಿ ಪಾಠ ಹೇಳುತ್ತಾರೆ. ಕನ್ನಡಕ ಏರಿಸಿ ನೋಡಿ, “ಈ ಸುರುಳಿ ಯಾವ ಸ್ವರಕ್ಕಪ್ಪಾ?” ಎಂದರು.

ಸಿಟ್ಟು ಬಂತು. ಮನೆಗೆ ಬಂದು ಓದಿದರೆ, ಸುರುಳಿ ಯಾವ ಸ್ವರಕ್ಕೂ ಅಲ್ಲ. ಅದು ಕೆತ್ತನೆಯ ಕೂಲಿ, ಬೆಲ್ಟ್ ಸಿಕ್ಕಿಸಲು ಒಂದು ಗೂಟ. ಅದಿಲ್ಲದ, ಹನಿಯಾಕಾರದ ಎ-ಮಾದರಿಯಲ್ಲಿ ಅದೇ ಬೆಲೆಗೆ ಉತ್ತಮ ಮರ ಸಿಗುತ್ತದೆ. ಇಷ್ಟನ್ನು ವಿಡಿಯೋದವರೂ ಹೇಳುತ್ತಾರೆ. ಅವರು ಕೇಳದೇ ಇದ್ದ ಪ್ರಶ್ನೆ ಬೇರೆ: ಈ ಏಣಿಯನ್ನು ಯಾವ ಸಂಗೀತದ ಗೋಡೆಗೆ ಆನಿಸಿದ್ದಾರೆ?

ಮ್ಯಾಂಡೊಲಿನ್ನಿಗೆ ಎಂಟು ತಂತಿ, ನಾಲ್ಕು ಜೋಡಿ. ಪ್ರತಿ ಜೋಡಿಯ ಎರಡೂ ತಂತಿ ಒಂದೇ ಶ್ರುತಿಯಲ್ಲಿರಬೇಕು. ಅಮೆರಿಕದ ಬ್ಲೂಗ್ರಾಸ್‌ನಲ್ಲಿ ಈ ಜೋಡಿಯೇ ಸಂಪತ್ತು. ಕಡ್ಡಿಯಿಂದ ಕತ್ತರಿಸಿದಂತೆ ಹೊಡೆದರೆ ಜಲ್ ಎನ್ನುವ ನಾದ, ಕೂಡಲೇ ಮೌನ. ನಮ್ಮ ತೋಡಿಯ ಗಾಂಧಾರ ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಾಡಬೇಕು. ತಂತಿಯನ್ನು ಬದಿಗೆ ಎಳೆದೆವೋ, ಜೋಡಿಯಲ್ಲಿ ಒಂದು ಒಂದಷ್ಟು ಹಿಗ್ಗುತ್ತದೆ, ಇನ್ನೊಂದು ಬೇರೆಯಷ್ಟು. ಕೇಳುವುದು ಗಮಕವಲ್ಲ, ಜಗಳ. ಎಳೆಯದೆ ಜಾರೋಣವೆಂದರೆ ಎರಡನೇ ತೂಗು ಮುಗಿಯುವ ಮೊದಲೇ ನಾದ ಸತ್ತಿರುತ್ತದೆ. ನಲವತ್ತು ಸಾವಿರದ್ದು ಕೊಂಡರೂ ಅಷ್ಟೇ, ನಾಲ್ಕು ಲಕ್ಷದ್ದು ಕೊಂಡರೂ ಅಷ್ಟೇ. ಹೆಚ್ಚು ಬೆಲೆಯದು ಈ ತೊಂದರೆಯನ್ನು ಇನ್ನಷ್ಟು ಇಂಪಾಗಿ ಕೇಳಿಸುತ್ತದೆ.

ಇದು ನನ್ನ ಆವಿಷ್ಕಾರವೇನಲ್ಲ. ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಅಪ್ಪನ ಮ್ಯಾಂಡೊಲಿನ್ ಎತ್ತಿಕೊಂಡಾಗ ಅವರಿಗೆ ಆರು ವರ್ಷ. ಅವರ ಗುರು ರುದ್ರರಾಜು ಸುಬ್ಬರಾಜು ಅವರಿಗೆ ಆ ವಾದ್ಯ ನುಡಿಸಲು ಬರುತ್ತಿರಲಿಲ್ಲ. ಅವರು ಹಾಡಿದ್ದನ್ನು ಹುಡುಗ ತಂತಿಯ ಮೇಲೆ ಹುಡುಕಿಕೊಂಡ. ಹುಡುಕುತ್ತಾ ಜೋಡಿಗಳನ್ನು ಬಿಟ್ಟುಕೊಟ್ಟ. ಐದು ಒಂಟಿ ತಂತಿ, ನಾದ ಉಳಿಯಲು ವಿದ್ಯುತ್ತು, ಮಂದ್ರಕ್ಕಾಗಿ ಐದನೆಯ ತಂತಿ. 2014ರಲ್ಲಿ ತೀರಿಕೊಳ್ಳುವವರೆಗೂ ಲೋಕವೆಲ್ಲ ಸುತ್ತಿದ್ದು ಆ ಬಗೆಯ ವಾದ್ಯದೊಂದಿಗೆ. ಏಣಿಯ ಲೆಕ್ಕದಲ್ಲಿ ಅದು ಮೇಲಿನ ಮೆಟ್ಟಿಲೇ ಅಲ್ಲ. ಎಂಟಿದ್ದದ್ದು ಐದಾಯಿತು, ಕೆತ್ತಿದ ಹೊಟ್ಟೆಯ ಕೆಲಸವನ್ನು ಪಿಕಪ್ಪು ಮಾಡಿತು.

‘ಅವರು ಬಾಲಪ್ರತಿಭೆ, ನೀನು ಯಾರು?’ ಎಂದು ಸಭೆಯ ಮುಂದಿನ ಸಾಲಿನವರು ಕೇಳಬಹುದು. ಕೇಳಿದ್ದಾರೆ ಕೂಡ. ಅಂಥ ಬೆರಳುಗಳಿಗೇ ಜೋಡಿ ತಂತಿ ಸಾಲಲಿಲ್ಲವೆಂದರೆ ನನ್ನ ಬೆರಳುಗಳಿಗೆ ಸಾಕಾದೀತೇ?

ಉದಾಹರಣೆಗೆ ಆಂಧ್ರದವರೆಗೂ ಹೋಗಬೇಕಿಲ್ಲ. ಮಲ್ಲೇಶ್ವರದ ಕಡೆ ಹೋದಾಗಲೆಲ್ಲ ನಾವು ಒಂದು ತಿದ್ದಿದ ವಾದ್ಯದ ಪಕ್ಕದಲ್ಲೇ ಹಾದುಹೋಗುತ್ತೇವೆ. ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದ್ದು ಎಂದು ಎಲ್ಲರಿಗೂ ಗೊತ್ತು, ಸೆಲ್ಫಿಗೆ ಚೆನ್ನಾಗಿದೆ. ಅದು ಏಳು ತಂತಿಯ ಪಿಟೀಲು ಎಂಬುದು ಎಷ್ಟು ಜನರ ಕಣ್ಣಿಗೆ ಬೀಳುತ್ತದೋ. ಮೈಕು ಇಲ್ಲದ ಕಾಲದಲ್ಲಿ ನಾಲ್ಕು ತಂತಿಯ ದನಿ ಸಭೆಯ ಕೊನೆಗೆ ಮುಟ್ಟುತ್ತಿಲ್ಲವೆಂದು ಟಿ. ಚೌಡಯ್ಯನವರು ಇನ್ನೂ ಮೂರು ತಂತಿ ಕಟ್ಟಿದರು. ಇಟಲಿಯ ಹಳೆಯ ಪಿಟೀಲೊಂದಕ್ಕೆ ದುಡ್ಡು ಕೂಡಿಟ್ಟಿದ್ದರೆ ನಮಗೆ ಈ ಕಟ್ಟಡ ಇರುತ್ತಿರಲಿಲ್ಲ. ಅವರು ತಂತಿ ಕೂಡಿಸಿದರು, ಶ್ರೀನಿವಾಸ್ ಕಳೆದರು. ಇಬ್ಬರೂ ಮೊದಲು ಕೇಳಿಕೊಂಡದ್ದು ತಮ್ಮ ಸಂಗೀತಕ್ಕೆ ಏನು ಕಡಿಮೆಯಾಗಿದೆ ಎಂದು. ಪಿಟೀಲನ್ನು ಗದ್ದದ ಕೆಳಗಿಂದ ಇಳಿಸಿ, ನೆಲದ ಮೇಲೆ ಕೂತು, ಪಾದಕ್ಕೆ ಆನಿಸಿ ಷಡ್ಜ-ಪಂಚಮಕ್ಕೆ ಶ್ರುತಿ ಮಾಡಿಕೊಂಡ ಪರಂಪರೆ ನಮ್ಮದು. ಈಗ ನಾವು ಯಾರೋ ಬರೆದ ರಿವ್ಯೂ ಓದಿ ಕಾರ್ಟಿಗೆ ಹಾಕುತ್ತೇವೆ. (ನಮ್ಮ ವಿಭಾಗದಲ್ಲಿ ಸಿದ್ಧಾಂತಗಳನ್ನು ತರಿಸಿಕೊಳ್ಳುವುದೂ ಹೀಗೆಯೇ. ನನ್ನ ಎರಡನೇ ಅಧ್ಯಾಯವೇ ಸಾಕ್ಷಿ. ಆ ಮಾತು ಇನ್ನೊಮ್ಮೆ.)

ಹಾಗೆಂದು, ಕೆಟ್ಟ ವಾದ್ಯದಲ್ಲೇ ತಪಸ್ಸು ಮಾಡಿ ಎಂದು ಉಪದೇಶಿಸುವವರ ಪಕ್ಷ ನಾನಲ್ಲ. ಕಲಿಯುವವರ ಕೈ ಮುರಿಯುವ ವಾದ್ಯಗಳಿವೆ. ನನ್ನದು ಹಾಗೇ ಇತ್ತು: ಹನ್ನೆರಡನೇ ಮೆಟ್ಟಿಲ ಮೇಲೆ ತಂತಿ 3 ಮಿಲಿಮೀಟರಿಗೂ ಹೆಚ್ಚು ಎತ್ತರ, ಅದರ ಅರ್ಧದಷ್ಟು ಸಾಕು. ಆದರೆ ಇದು ಮರದ ದೋಷವಲ್ಲ, ಹೊಂದಿಸದೆ ಮಾರಿದ್ದರ ದೋಷ. ಮ್ಯಾಂಡೊಲಿನ್ನಿನ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಿಂದಷ್ಟೇ ನಿಂತಿರುತ್ತದೆ. ಸಾಗಣೆಯಲ್ಲಿ ಒಂದಿಷ್ಟು ಸರಿದರೂ ಮೇಲಿನ ಸ್ವರಗಳೆಲ್ಲ ಅಪಸ್ವರ. ಹನ್ನೆರಡನೇ ಮೆಟ್ಟಿಲ ಮೇಲೆ ತಂತಿಯನ್ನು ಬರಿದೆ ತಾಕಿಸಿ ಒಮ್ಮೆ ಮೀಟಿ, ಒತ್ತಿ ಇನ್ನೊಮ್ಮೆ ಮೀಟಿ. ಎರಡೂ ಒಂದೇ ಸ್ವರವಾಗಿರಬೇಕು. ಇಲ್ಲವೆಂದರೆ ಅಂಗಡಿಗೆ ಹೋಗುವ ಮೊದಲು ರಿಪೇರಿಯವರ ಬಳಿಗೆ ಹೋಗಿ.

ನಾನು ಹೋದೆ. ಮಾರ್ಕೆಟ್ ದಾಟಿ, ಬಳೇಪೇಟೆಯ ಹಿಂದಿನ ಗಲ್ಲಿಯಲ್ಲಿ, ವೀಣೆಯ ಮೇಣ ಕರಗಿಸುತ್ತಾ ಕೂತಿದ್ದ ಹಿರಿಯರೊಬ್ಬರು ಎಂಟು ತಂತಿಯನ್ನೂ ಬಿಚ್ಚಿದರು. ಮೂಳೆಯ ಹೊಸ ಮೇರು ಕೂರಿಸಿ ನಾಲ್ಕೇ ಗಾಡಿ ಕೊರೆದರು, ಮೆಟ್ಟಿಲು ಉಜ್ಜಿದರು, ಕುದುರೆ ತಗ್ಗಿಸಿದರು, ನಾಲ್ಕು ತಂತಿ ಕಟ್ಟಿದರು. ಒಳಗೆ ಅಂಟಿಸುವ ಪಿಕಪ್ಪಿನ ಬಿಲ್ಲೆಯನ್ನು ನಾನೇ ಎಸ್.ಪಿ. ರೋಡಿನಿಂದ ತಂದುಕೊಟ್ಟೆ. ಎಲ್ಲ ಸೇರಿ 4,200. ಐದನೆಯ ತಂತಿಗೆ ಕತ್ತಿನ ಅಗಲ ಸಾಲದು ಎಂದರು. ಎಂಟು ತಂತಿ ಬಿಗಿದಾಗ ಎಪ್ಪತ್ತು ಕಿಲೋ ಮೀರಿದ ಎಳೆತ ಹೊತ್ತಿದ್ದ ಆ ಕತ್ತು ಈಗ ಸುಧಾರಿಸಿಕೊಳ್ಳುತ್ತಿರುವಂತೆ ಕಾಣುತ್ತದೆ.

ಪವಾಡವೇನೂ ಆಗಿಲ್ಲ. ಪ್ಲೈವುಡ್ಡಿನ ನಾದ ಪ್ಲೈವುಡ್ಡಿನದೇ. ಆದರೆ ಹತ್ತು ಸಲ ಹಿಡಿದರೆ ಮೂರು ಸಲ ಗಾಂಧಾರ ಬರುತ್ತದೆ, ಮತ್ತು ಉಳಿದ ಏಳು ಸಲ ತಪ್ಪಿದ್ದು ನಾನೇ ಎಂದು ಗೊತ್ತಾಗುತ್ತದೆ. ಮೊದಲು ಇಷ್ಟು ಕೂಡ ಗೊತ್ತಾಗುತ್ತಿರಲಿಲ್ಲ.

ಭಾವಗೀತೆಗೆ, ಸಿನಿಮಾ ಹಾಡಿಗೆ ನುಡಿಸುವವರ ಮಾತು ಬೇರೆ. ಅವರಿಗೆ ಆ ಜೋಡಿ ತಂತಿಯ ಜಲಜಲವೇ ಬೇಕು. ಅಂಥವರು ಏಣಿ ಹತ್ತಲಿ, ಸುರುಳಿ ಬಿಟ್ಟು ಮೇಲ್ಹಲಗೆಗೆ ದುಡ್ಡು ಕೊಡಲಿ. ನನ್ನ ಜಗಳ ನನ್ನಂತೆ ಕೀರ್ತನೆ ಕಲಿಯುತ್ತಾ, ಎಫ್-5ರ ಕನಸು ಕಾಣುತ್ತಾ ಕೂತವರ ಜೊತೆಗೆ.

ಕಳೆದ ರಾಮನವಮಿಯಲ್ಲಿ ಕೋಟೆ ಹೈಸ್ಕೂಲಿನ ಮೈದಾನಕ್ಕೆ ಪಾಠದಿಂದ ನೇರ ಹೋಗಿದ್ದೆ, ವಾದ್ಯ ಹೆಗಲಲ್ಲೇ ಇತ್ತು. ಪಕ್ಕದ ಕುರ್ಚಿಯವರು ಚೀಲದಿಂದ ಹೊರಗಿಣುಕಿದ್ದ ತಲೆ ನೋಡಿ, ಯಾವ ಕಂಪೆನಿಯದು, ಅರ್ಧ ಬಿರಟೆ ಖಾಲಿ ಇದೆಯಲ್ಲ ಎಂದು ವಿಚಾರಿಸಿದರು. ಹೇಳತೊಡಗುವಷ್ಟರಲ್ಲಿ ತನಿ ಶುರುವಾಯಿತು. ಉಳಿದ ದುಡ್ಡಿನಲ್ಲಿ ಅಗಲ ಕತ್ತಿನ, ಗಟ್ಟಿ ಮರದ ಐದು ತಂತಿಯದೊಂದನ್ನು ಮಾಡಿಕೊಡಲು ಬಳೇಪೇಟೆಯ ಹಿರಿಯರು ಒಪ್ಪಿದ್ದಾರೆ. ಅಳತೆಯ ನಕ್ಷೆ ಬರೆದು ತಾ ಎಂದಿದ್ದಾರೆ. ಮೂರನೇ ಅಧ್ಯಾಯದ ಹಿಂಬದಿಯ ಹಾಳೆಗಳಲ್ಲಿ ಅದನ್ನೇ ಬರೆಯುತ್ತಿದ್ದೇನೆ.