ಕಲ್ಲು ಕಟ್ಟೆಯಾಗುವ ಮುನ್ನ

ನಾನು ಬಿ.ಇ. ಸಿವಿಲ್ ವಿದ್ಯಾರ್ಥಿ. ರಸ್ತೆಯ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದೇನೆ. ಆ ರಸ್ತೆಗೆ ಗುಡಿಯೋ ದರ್ಗಾವೋ ಶಿಲುಬೆಯೋ ಅಡ್ಡ ಬಂದರೆ ಏನು ಮಾಡಬೇಕೆಂದು ನಮ್ಮ ಪಠ್ಯದಲ್ಲಿಲ್ಲ.

ಇಂಥವು ಹುಟ್ಟುವ ಬಗೆ ಎಲ್ಲರಿಗೂ ಗೊತ್ತು. ಮೊದಲು ಮರದ ಬುಡದಲ್ಲೊಂದು ಕಲ್ಲು, ಅದಕ್ಕೆ ಅರಿಶಿನ ಕುಂಕುಮ. ಆಮೇಲೆ ಕಟ್ಟೆ, ಮೇಲೊಂದು ಶೀಟು, ಹುಂಡಿ, ಕಬ್ಬಿಣದ ಗೇಟು. ಕೊನೆಗೆ ಫುಟ್‌ಪಾತೇ ಇಲ್ಲ.

ಸಾರ್ವಜನಿಕ ರಸ್ತೆ, ಉದ್ಯಾನಗಳಲ್ಲಿ ಯಾವ ಧರ್ಮದ ಹೆಸರಲ್ಲೂ ಅನಧಿಕೃತವಾಗಿ ಕಟ್ಟುವಂತಿಲ್ಲ, ಹಳೆಯವನ್ನು ಒಂದೊಂದಾಗಿ ಪರಿಶೀಲಿಸಿ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಆದೇಶಿಸಿತು. 2021ರ ಸೆಪ್ಟೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ದೇವಸ್ಥಾನವನ್ನು ಕೆಡವಿದಾಗ ರಾಜ್ಯದಲ್ಲಿ ಆಕ್ರೋಶ ಎದ್ದಿತು. ಅದೇ ತಿಂಗಳು ವಿಧಾನಮಂಡಲ, ಈಗಾಗಲೇ ಇರುವ ಧಾರ್ಮಿಕ ಕಟ್ಟಡಗಳನ್ನು ರಕ್ಷಿಸುವ ಮಸೂದೆಗೆ ಒಪ್ಪಿಗೆ ಕೊಟ್ಟಿತು.

ಭಕ್ತರ ನೋವು ಸುಳ್ಳಲ್ಲ. ತಲೆಮಾರುಗಳಿಂದ ಕೈಮುಗಿದ ಗುಡಿಗೆ ಏಕಾಏಕಿ ಜೆಸಿಬಿ ನುಗ್ಗಿಸುವುದು ಆಡಳಿತವಲ್ಲ. ಆದರೆ ಕಟ್ಟಿ ಮುಗಿಸಿದರೆ ಸಾಕು, ಮುಂದೆ ಕಾನೂನೇ ಕಾಯುತ್ತದೆ ಎಂಬ ಪಾಠವೂ ಅಪಾಯಕಾರಿ. ಹೊಸದಕ್ಕೆ ಅವಕಾಶವಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ ನಿಜ, ತಡೆಯುವವರು ಯಾರು?

ಸರ್ಕಾರಿ ಜಾಗ ಯಾವ ಧರ್ಮದ್ದೂ ಅಲ್ಲದ್ದರಿಂದಲೇ ಎಲ್ಲರದು. ಒಬ್ಬರ ದೇವರಿಗೆ ಅಲ್ಲಿ ಜಾಗ ಬಿಟ್ಟು ಇನ್ನೊಬ್ಬರ ದೇವರಿಗೆ ಇಲ್ಲ ಎಂದರೆ ಸರ್ಕಾರವೇ ಪಕ್ಷ ವಹಿಸಿದಂತೆ. ಎಲ್ಲರಿಗೂ ಕೊಟ್ಟರೆ ರಸ್ತೆಯೇ ಉಳಿಯದು.

ಹಳೆಯ ಗುಡಿಗಳ ವಿಷಯದಲ್ಲಿ ಊರಿನವರನ್ನು ಕೂರಿಸಿ ಮಾತಾಡಿ, ಬೇರೆ ಜಾಗ ತೋರಿಸಿ, ಗೌರವದಿಂದ ಸ್ಥಳಾಂತರಿಸಲಿ. ಹೊಸದನ್ನು ಕಲ್ಲಿಟ್ಟ ದಿನವೇ ಪಾಲಿಕೆ, ಪಂಚಾಯಿತಿ ತಡೆಯಲಿ. ಅಂದು ಸುಮ್ಮನಿದ್ದ ಅಧಿಕಾರಿಯನ್ನೂ ಪ್ರಶ್ನಿಸಬೇಕು.