ವೈದ್ಯನೆದುರು ಅಡಗುವ ಜ್ವರ

ದಿನ ಬಿಟ್ಟು ದಿನ ಬರುವ ಚಳಿಜ್ವರಕ್ಕೆ ಒಂದು ದುರ್ಗುಣವುಂಟು. ರೋಗಿ ಗಡಗಡ ನಡುಗುವಾಗ ವೈದ್ಯನು ದೊರೆಯುವುದಿಲ್ಲ. ವೈದ್ಯನು ಬಂದು ನಾಡಿ ಹಿಡಿಯುವ ಹೊತ್ತಿಗೆ ರೋಗಿ ಎದ್ದು ಕುಳಿತು ಗಂಜಿ ಕುಡಿಯುತ್ತಿರುತ್ತಾನೆ. "ಏನೂ ಇಲ್ಲವಲ್ಲ!" ಎಂದು ವೈದ್ಯನು ತನ್ನ ಚೀಲ ಮುಚ್ಚಿದರೆ ಅದು ಅವನ ಕುಟಿಲತೆಯೂ ಅಲ್ಲ, ರೋಗಿಯ ಸುಳ್ಳೂ ಅಲ್ಲ. ಇದೇ ಜಾತಿಯ ಜ್ವರ ಈಗ ಕಚೇರಿಗಳ ಅಂತರ್ಜಾಲಕ್ಕೆ ಅಂಟಿಕೊಂಡಿದೆ.

ಹಾವೇರಿ ಸೀಮೆಯ ಪೇಟೆಬೀದಿಯೊಂದರಲ್ಲಿ, ಮೆಣಸಿನಕಾಯಿ ಮಂಡಿಯ ಮೇಲಿನ ಮಹಡಿಯಲ್ಲಿ, ತೆರಿಗೆ ಸಲಹೆಗಾರರೊಬ್ಬರ ಕಚೇರಿಯುಂಟು. ಯಜಮಾನರು, ಇಬ್ಬರು ಗುಮಾಸ್ತರು, ಮೂರು ಕಂಪ್ಯೂಟರು, ಗೋಡೆಗೊರಗಿದ ಎರಡು ಕಬ್ಬಿಣದ ಬೀರು, ಇಷ್ಟೇ ಸಂಸಾರ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಂದಿನಿಂದ ಇಂಥ ಕಚೇರಿಗಳ ಅನ್ನವು ಅಂತರ್ಜಾಲದ ಎಳೆಯಲ್ಲಿಯೇ ಹರಿದು ಬರುತ್ತಿದೆ. ತಿಂಗಳು ತಿಂಗಳೂ ಲೆಕ್ಕ ಒಪ್ಪಿಸುವ ವರ್ತಕರ 3ಬಿ ನಮೂನೆಯು ಮರುತಿಂಗಳ 20ನೆಯ ತಾರೀಖಿನೊಳಗೆ ಸರ್ಕಾರದ ಜಾಲತಾಣವನ್ನು ಸೇರಬೇಕು. ತಪ್ಪಿದಲ್ಲಿ, ತೆರಿಗೆ ಕಟ್ಟಬೇಕಾದವರಿಗೆ ದಿನವೊಂದಕ್ಕೆ 50 ರೂಪಾಯಿ ವಿಳಂಬ ಶುಲ್ಕ. ತಡವಾದ ತೆರಿಗೆಯ ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೇರೆ. ಮೊತ್ತ ದೊಡ್ಡದಲ್ಲ, ನಿಜ. ಆದರೆ ವರ್ತಕನು ಕೇಳುವ ಪ್ರಶ್ನೆ ದೊಡ್ಡದು: "ನಿಮ್ಮ ನೆಟ್ ಹೋದ್ರೆ ನನ್ನ ಗಂಟು ಯಾಕ ಕರಗಬೇಕ್ರೀ?" ಆ ಪ್ರಶ್ನೆಗೆ ಮುಖ ಕೊಡುವವರು ಒಳಗೆ ಕುಳಿತ ಯಜಮಾನರಲ್ಲ, ಬಾಗಿಲ ಬಳಿಯ ಮೇಜಿನ ಗುಮಾಸ್ತೆ.

ಜನವರಿಯ 20ರಂದು ಹೀಗೆಯೇ ಆಯಿತು. ನಮೂನೆ ತುಂಬಿ, ವರ್ತಕನ ಮೊಬೈಲಿಗೆ ಬಂದ ಸಂಕೇತಸಂಖ್ಯೆಯನ್ನು ಕೇಳಿ ಪಡೆದು, ಕೊನೆಯ ಗುಂಡಿಯನ್ನು ಒತ್ತುವಷ್ಟರಲ್ಲಿ ಸಂಪರ್ಕ ಕಡಿಯಿತು. ಎರಡು ನಿಮಿಷದಲ್ಲಿ ಮರಳಿತು. ಮತ್ತೆ ಮೊದಲಿನಿಂದ ಆರಂಭ, ಮತ್ತೆ ಕಡಿತ. ಸಂಜೆಯ ಹೊತ್ತಿಗೆ ಸಂಪರ್ಕವೇನೋ ಸ್ಥಿರವಾಯಿತು. ಆದರೆ ವರ್ತಕನು ಆ ವೇಳೆಗೆ ಮಗಳ ಊರಿನ ಬಸ್ಸು ಹತ್ತಿದ್ದನು, ಅವನ ಮೊಬೈಲು ಮೌನ ತಾಳಿತ್ತು. ಎರಡು ದಿನ ತಡವಾಯಿತು. ಯಜಮಾನರು ಗುಮಾಸ್ತೆಯನ್ನು ಗದರಲಿಲ್ಲ, "ಮುಂಚೆಯೇ ಮುಗಿಸಿಕೊಳ್ಳಬಾರದಿತ್ತೆ?" ಎಂದರು. ಗದರಿದ್ದರೆ ಒಳ್ಳೆಯದಿತ್ತು.

ದೂರು ಕೊಟ್ಟದ್ದಾಯಿತು. ಮರುದಿನ ಸಂಜೆ ಐದೂವರೆಗೆ ಮೋಟಾರ್ ಸೈಕಲ್ಲಿನಲ್ಲಿ ದುರಸ್ತಿಯ ಯುವಕನು ಬಂದನು. ಬೀರುವಿನ ಬಳಿ ನಿಂತು ತನ್ನ ಮೊಬೈಲಿನಲ್ಲಿ ವೇಗ ಅಳೆದನು. "ನೋಡ್ರಿ ಮೇಡಂ, ನೂರಕ್ಕೆ ತೊಂಬತ್ತೆಂಟು ಬರ್ತೈತಿ. ಲೈನ್ ಕ್ಲಿಯರ್ ಐತಿ. ನಿಮಗ ಓಟಿಪಿ ಬಂದಿರಬೇಕು, ಸ್ವಲ್ಪ ಹೇಳ್ರಿ."

ಓಟಿಪಿ ಹೇಳಿದೊಡನೆ ದೂರು ಮುಕ್ತಾಯಗೊಳ್ಳುತ್ತದೆ. ಗ್ರಾಹಕನು ತೃಪ್ತನಾದನೆಂದು ಎಲ್ಲಿಯೋ ಒಂದು ಪುಸ್ತಕದಲ್ಲಿ ದಾಖಲಾಗುತ್ತದೆ. ಆಕೆ ಹೇಳಿದಳು. ಯುವಕನನ್ನು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಅವನ ಜೇಬಿನಲ್ಲಿ ಇನ್ನೂ ಎಷ್ಟೋ ವಿಳಾಸಗಳು ಕಾದಿದ್ದವು. ಮುಚ್ಚಿದ ದೂರುಗಳ ಎಣಿಕೆಯೇ ಅವನ ಯೋಗ್ಯತೆಯ ಅಳತೆ. ಅವನು ಅಳೆದದ್ದು ಸುಳ್ಳೂ ಆಗಿರಲಿಲ್ಲ. ವೇಗ ಬೇರೆ, ಅಖಂಡತೆ ಬೇರೆ. ಐದು ನಿಮಿಷ ಭರ್ತಿ ಹರಿಯುವ ನಲ್ಲಿಯು ಹಗಲೆಲ್ಲ ಹರಿಯುವುದೆಂಬ ಭರವಸೆಯನ್ನು ಯಾವ ವೇಗಮಾಪಕವೂ ಕೊಡಲಾರದು.

ಎರಡನೆಯ ಭೇಟಿಯೂ ಸಂಜೆಗೇ ಆಯಿತು. ಈ ಬಾರಿ ತೀರ್ಪು ಬದಲಾಯಿತು: "ನಿಮ್ಮ ರೌಟರ್ ಹಳೇದಾತು. ಹೊಸಾದು ತಗೊಳ್ರಿ." ಯಜಮಾನರು ಎರಡು ಕೊಂಬಿನ ಪೆಟ್ಟಿಗೆಯನ್ನು ತೆಗೆಸಿ ಆರು ಕೊಂಬಿನದನ್ನು ತರಿಸಿದರು.

ಹಳೆಯದು ಬೀರುವಿನ ಹಿಂದೆ ಅಡಗಿತ್ತು. ಅಲ್ಲಿ ಅದು ಸುಖವಾಗಿರಲಿಲ್ಲವೆಂಬುದು ದಿಟವೇ. ವೈಫೈ ಎಂಬುದು ಮಂತ್ರವಲ್ಲ, ರೇಡಿಯೋ. ಅದರ 2.4 ಗಿಗಾಹರ್ಟ್ಸ್ ಪಟ್ಟಿಯ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಅರ್ಧ ಗೇಣಿಗಿಂತ ತುಸು ಹೆಚ್ಚು. ಇಟ್ಟಿಗೆ ಗೋಡೆಯನ್ನು ಅದು ಬಳಲಿಕೊಂಡಾದರೂ ದಾಟೀತು. ಕಬ್ಬಿಣದ ಬೀರುವನ್ನು ದಾಟಲಾರದು, ಸುತ್ತುಬಳಸಿ ಹೋಗಬೇಕು. ಸಾಲದುದಕ್ಕೆ ಆ ಪಟ್ಟಿಯು ಸಂತೆಯ ಬೀದಿಯಿದ್ದಂತೆ. ಅಕ್ಕಪಕ್ಕದ ಅಂಗಡಿಗಳ ರೌಟರುಗಳೆಲ್ಲ ಅಲ್ಲಿಯೇ ಕೂಗುತ್ತವೆ. ಒಬ್ಬರ ಮಾತಿಗೆ ಒಬ್ಬರು ಅಡ್ಡಬಾರದಂತೆ ಕೂಗಲು 1, 6, 11 ಎಂಬ ಮೂರೇ ಚಾನೆಲ್‌ಗಳುಂಟು. ಎದುರು ಬೇಕರಿಯ ಮೈಕ್ರೋವೇವ್ ಒಲೆಯೂ 2450 ಮೆಗಾಹರ್ಟ್ಸ್‌ನಲ್ಲಿಯೇ ಪಫ್ ಬಿಸಿಮಾಡುತ್ತದೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಕಡಿಮೆ, ಆದರೆ ಗೋಡೆ ಕಂಡರೆ ಅದಕ್ಕೆ ಇನ್ನಷ್ಟು ಆಯಾಸ. ಹೊಸ ಪೆಟ್ಟಿಗೆಯನ್ನು ಬೀರುವಿನ ಹಿಂದಿನಿಂದ ತಂದು ಎತ್ತರದ ಗೂಟಕ್ಕೆ ಏರಿಸಿದ್ದರಿಂದ ಒಳಮೇಜಿನವರೆಗೂ ಸಂಕೇತ ಮುಟ್ಟಿತು. ಹಳೆಯದನ್ನೇ ಅಲ್ಲಿಗೆ ಏರಿಸಿದ್ದರೂ ಮುಟ್ಟುತ್ತಿತ್ತೇನೋ! ಮಧ್ಯಾಹ್ನದ ಕಡಿತ ಮಾತ್ರ ನಿಲ್ಲಲಿಲ್ಲ.

ಮೂರನೆಯ ಭೇಟಿಯೂ ಸಂಜೆಗೇ ನಡೆದು, ವೇಗ ಎಂದಿನಂತೆ ತೊಂಬತ್ತೆಂಟು ಬಂದಿತು.

ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದ ಗುಮಾಸ್ತೆಯ ತಮ್ಮನು ಅಂದು ರಾತ್ರಿ ಅಕ್ಕನಿಗೆ ಒಂದು ಉಪಾಯ ಹೇಳಿಕೊಟ್ಟನು. ಎಲ್ಲ ಕಂಪ್ಯೂಟರುಗಳಲ್ಲಿಯೂ 'ಪಿಂಗ್' ಎಂಬುದೊಂದು ಆಜ್ಞೆಯುಂಟು. 1983ರಲ್ಲಿ ಅಮೆರಿಕದ ಮೈಕ್ ಮ್ಯೂಸ್ ಎಂಬುವನು ಅದನ್ನು ರಚಿಸಿ, ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರಿನ ಸದ್ದಿನಿಂದ ಅದಕ್ಕೆ ಹೆಸರಿಟ್ಟನು. ಕೆಲಸ ಸರಳ: ಒಂದು ವಿಳಾಸವನ್ನು ಕೂಗಿ ಕರೆಯುವುದು, ಅದು ಓಗೊಟ್ಟಿತೇ ಇಲ್ಲವೇ ಎಂದು ತಿಳಿಸುವುದು. ಎರಡು ಕಿಟಕಿ ತೆರೆದು, ಒಂದರಲ್ಲಿ ಕಚೇರಿಯ ರೌಟರನ್ನೂ ಇನ್ನೊಂದರಲ್ಲಿ ಹೊರಲೋಕದ ಯಾವುದಾದರೂ ವಿಳಾಸವನ್ನೂ ಸತತವಾಗಿ ಕೂಗುತ್ತಿರಬೇಕು. ರೌಟರೇ ಓಗೊಡದಿದ್ದರೆ ದೋಷವು ಮನೆಯೊಳಗಿನದು: ವೈಫೈ, ಗೋಡೆ, ಬೀರು. ರೌಟರ್ ಓಗೊಟ್ಟು ಹೊರಲೋಕ ಮೌನ ತಾಳಿದರೆ ದೋಷವು ಹೊಸ್ತಿಲಿನಾಚೆಯದು. ಇಷ್ಟು ಚಿಕ್ಕ ವಿವೇಕವನ್ನು ಮೂರು ಭೇಟಿಗಳಲ್ಲಿ ಯಾರೂ ಹೇಳಿಕೊಡದೆ ಹೋದರಲ್ಲ ಎಂಬುದೇ ಸೋಜಿಗ.

ಆಕೆ ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು ಬರೆಯತೊಡಗಿದಳು. ಗಂಟೆ, ನಿಮಿಷ, ಒಳಗಿನದು ಓಗೊಟ್ಟಿತೇ, ಹೊರಗಿನದು ಓಗೊಟ್ಟಿತೇ. ಬೀರು ಸರಿಸಿದ್ದರಿಂದ ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯೂ ಈಗ ಕಣ್ಣಿಗೆ ಬೀಳುತ್ತಿತ್ತು. ಕಡಿತವಾದಾಗಲೆಲ್ಲ ಅದರಲ್ಲಿ ಕೆಂಪು ದೀಪ ಮಿಣುಕುತ್ತಿದ್ದುದನ್ನೂ ಬರೆದಳು. ಎಂಟು ದಿನಗಳಲ್ಲಿ 37 ಕಡಿತಗಳು. ರೌಟರ್ ಒಮ್ಮೆಯೂ ಮೌನ ತಾಳಿರಲಿಲ್ಲ. ಎಲ್ಲವೂ ಬೆಳಗಿನ ಹನ್ನೊಂದರಿಂದ ಸಂಜೆಯ ನಾಲ್ಕೂವರೆಯೊಳಗೆ. ಒಂದು ದಿನ ಮಾತ್ರ ಕಡಿತವೇ ಇರಲಿಲ್ಲ; ಅಂದು ಅಮಾವಾಸ್ಯೆ.

ನಾಲ್ಕನೆಯ ಸಂಜೆಯೂ ಯುವಕನು ವೇಗ ಅಳೆದು ಓಟಿಪಿ ಕೇಳಿದಾಗ ಆಕೆ ಪುಸ್ತಕವನ್ನು ಮುಂದಿಟ್ಟಳು.

"ಇವತ್ತು ಓಟಿಪಿ ಕೊಡಂಗಿಲ್ಲಪ್ಪಾ. ನಾಳೆ ಹನ್ನೆರಡಕ್ಕ ಬಂದು ನೋಡು, ಆಮೇಲೆ ಕೊಡ್ತೇನಿ."

"ಮೇಡಂ, ಓಪನ್ ಉಳಿದ್ರ ನನಗ ಬೈತಾರ್ರೀ."

"ನನಗೂ ಬೈತಾರ."

ಯುವಕನು ನಕ್ಕನು. ಪುಟ ತಿರುವಿ ನೋಡಿದನು; ಮೊಬೈಲಿನಲ್ಲಿ ಆ ಪುಟದ ಚಿತ್ರ ತೆಗೆದುಕೊಂಡನು. ಇಷ್ಟರಿಂದ ಬಗೆಹರಿಯದಿದ್ದರೆ ಆಕೆಗೆ ಇನ್ನೊಂದು ಮೆಟ್ಟಿಲೂ ಇತ್ತು. ದೂರಸಂಪರ್ಕ ಗ್ರಾಹಕರ ದೂರುಗಳ ಬಗ್ಗೆ 2012ರಲ್ಲಿ ಹೊರಟ ನಿಯಮಾವಳಿಯಂತೆ ಪ್ರತಿಯೊಂದು ದೂರಿಗೂ ಸಂಖ್ಯೆ ಕೊಡಬೇಕು. ಪರಿಹಾರ ಒಪ್ಪಿಗೆಯಾಗದಿದ್ದಲ್ಲಿ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ನಿಯಂತ್ರಕ ಸಂಸ್ಥೆಯಾದ ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ. ಆದರೆ ಓಟಿಪಿ ಕೊಟ್ಟು 'ತೃಪ್ತ'ರಾದವರ ಮೇಲ್ಮನವಿಗೆ ಬಲವೆಲ್ಲಿಯದು?

ಮರುದಿನ ಹನ್ನೆರಡೂ ಕಾಲಿಗೆ ಅವನು ಬಂದನು. ಹತ್ತು ನಿಮಿಷದಲ್ಲಿ ಕೆಂಪು ದೀಪ ಮಿಣುಕಿತು. ಆಗ ಅವನ ಮುಖಚರ್ಯೆಯೇ ಬದಲಾಯಿತು. ದೋಷವನ್ನು ಕಣ್ಣಾರೆ ಕಂಡ ಕುಶಲಕರ್ಮಿಗೆ ಗಡಿಯಾರ ನೆನಪಾಗುವುದಿಲ್ಲ. ಎಳೆಯನ್ನು ಬಿಚ್ಚಿ ಬೆಳಕಿನ ಮಾಪಕಕ್ಕೆ ಸಿಕ್ಕಿಸಿದನು. ಅಂಕಿ ಒಮ್ಮೆ ಸೊನ್ನೆಗಿಂತ 21 ಕೆಳಗೆ, ಮರುಕ್ಷಣ ಏನೂ ಇಲ್ಲ. ಈ ಅಳತೆಯಲ್ಲಿ ಅಂಕಿ ಮೂರು ಕುಸಿದರೆ ಬೆಳಕು ಅರ್ಧವಾದಂತೆ; ಸುಮಾರು 27 ಕೆಳಗಿಳಿಯುವವರೆಗೂ ಪೆಟ್ಟಿಗೆ ತಾಳಿಕೊಳ್ಳುತ್ತದೆ, ಆಮೇಲೆ ಕುರುಡಾಗುತ್ತದೆ. ಬೆಳಕು ಹರಿಯುವ ಗಾಜಿನ ತಿರುಳಾದರೋ ಕೂದಲೆಳೆಗಿಂತ ಎಷ್ಟೋ ಸಣ್ಣದು. ಎಳೆಯನ್ನು ತೀರ ಬಾಗಿಸಿದರೆ ಒಡೆಯದಿದ್ದರೂ ಬೆಳಕು ಹೊರಗೆ ಸೋರಿಹೋಗುತ್ತದೆ.

ಇಬ್ಬರೂ ಎಳೆಯನ್ನು ಹಿಂಬಾಲಿಸಿ ಮೆಟ್ಟಿಲು ಹತ್ತಿದರು. ಅದು ಮಾಳಿಗೆಯ ತಗಡಿನ ಬಾಗಿಲಿನ ಬಿಜಾಗರಿಯ ಪಕ್ಕದಲ್ಲಿಯೇ ಹಾದುಹೋಗಿತ್ತು. ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಗಾಳಿ ಬೀಸಿದಾಗ ಅದು ಪೂರ್ತಿ ತೆರೆದು ಗೋಡೆಗೆ ಬಡಿಯುತ್ತಿತ್ತು. ಬಡಿದಾಗಲೆಲ್ಲ ಬಿಜಾಗರಿಯ ಸಂದಿನಲ್ಲಿ ಎಳೆ ಚಿವುಟಿಕೊಳ್ಳುತ್ತಿತ್ತು. ಆಚೆ ಬಿಸಿಲಿನಲ್ಲಿ ಮಾಳಿಗೆಯ ತುಂಬ ಕೆಂಪಗೆ ಬ್ಯಾಡಗಿ ಮೆಣಸಿನಕಾಯಿ ಹರಡಿತ್ತು. ಮಂಡಿಯವರು ಹನ್ನೊಂದಕ್ಕೆ ಒಣಹಾಕಿ, ನಾಲ್ಕೂವರೆಗೆ ಬಳಿದು ತುಂಬಿ, ಬಾಗಿಲಿಗೆ ಚಿಲಕ ಹಾಕಿ ಇಳಿಯುವರು. ಅಮಾವಾಸ್ಯೆಯಂದು ಮಂಡಿಗೆ ರಜೆ.

ಯುವಕನು ಎಳೆಯನ್ನು ಬಾಗಿಲಿನಿಂದ ಎರಡು ಮೊಳ ದೂರಕ್ಕೆ ಸರಿಸಿ, ನಾಲ್ಕು ಕ್ಲಿಪ್ಪು ಬಡಿದನು. ಕಾಲು ಗಂಟೆಯ ಕೆಲಸ. ಕೆಳಗಿಳಿದು ಕೈ ಒರೆಸಿಕೊಳ್ಳುತ್ತ ಅವನು ಕೇಳುವ ಮೊದಲೇ ಆಕೆ ಸಂಖ್ಯೆ ಹೇಳಿದಳು.

ಫೆಬ್ರವರಿಯ ನಮೂನೆಗಳು 17ಕ್ಕೇ ಮುಗಿದವು. ಆ ವರ್ತಕನ ನಮೂನೆಯಲ್ಲಿ ಮಾತ್ರ ಹಿಂದಿನ ತಿಂಗಳ ವಿಳಂಬ ಶುಲ್ಕ 100 ರೂಪಾಯಿ ತಾನಾಗಿಯೇ ಮೂಡಿ ಕುಳಿತಿತ್ತು. ಯಜಮಾನರು ಅದನ್ನು ಕಚೇರಿಯ ಖರ್ಚಿಗೆ ಬರೆಯಲು ಹೇಳಿದರು. ಆರು ಕೊಂಬಿನ ರೌಟರಿನ ಬೆಲೆಯನ್ನು ಯಾವ ಖಾತೆಗೆ ಬರೆಯಬೇಕೆಂದು ಆಕೆ ಕೇಳಿದಾಗ ಮಾತ್ರ ಅವರು ಕನ್ನಡಕ ತೆಗೆದು ಒರೆಸತೊಡಗಿದರು.