ನಮ್ಮ ಶಾಲೆಗೆ ಗ್ರಾಫಿಕ್ಸ್ ಕಾರ್ಡ್ ಬೇಕೇ?

 

ಈ ಸಲದ ಗೋಡೆ ಪತ್ರಿಕೆಗೆ ತುಂಬಾ ಜನ ಪರಿಸರ ಉಳಿಸಿ, ಮೊಬೈಲಿನಿಂದ ಹಾನಿ ಅಂತ ಬರೆದಿದ್ದಾರೆ. ನಾನೂ ಮೊದಲು ಮರ ಬೆಳೆಸಿ ಅಂತಲೇ ಅರ್ಧ ಪುಟ ಬರೆದಿದ್ದೆ. ಆದರೆ ಹೋದ ವಾರ ಆಫೀಸ್ ರೂಮಿನ ಹತ್ತಿರ ಒಂದು ಪಟ್ಟಿ ಅಂಟಿಸಿದ್ದನ್ನು ನೋಡಿದೆ. ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳು ಸೇರಿ ಮೂರು ಕಂಪ್ಯೂಟರ್ ಕೊಡಿಸುತ್ತಾರಂತೆ. ಅದಕ್ಕೆ ಅಂಗಡಿಯವರು ಕೊಟ್ಟ ರೇಟಿನ ಪಟ್ಟಿ ಅದು. ಒಂದೊಂದು ಕಂಪ್ಯೂಟರಿಗೂ "ಲೇಟೆಸ್ಟ್ ಗ್ರಾಫಿಕ್ಸ್ ಕಾರ್ಡ್, ಡೈರೆಕ್ಟ್ ಎಕ್ಸ್ 12" ಅಂತ ಒಂದು ಸಾಲು ಇದೆ. ಅದರ ಮುಂದೆ 4,500 ರೂಪಾಯಿ. ಓದಿ ನನಗೆ ಹೊಟ್ಟೆಯೊಳಗೆ ಒಂಥರಾ ಆಯ್ತು. ಏಕೆಂದರೆ ಇದೇ ಮಾತು ಕೇಳಿ ನಮ್ಮ ಮನೆಯಲ್ಲಿ ಒಂದು ಸಲ ದುಡ್ಡು ಕಳೆದುಕೊಂಡಿದ್ದೇವೆ.

ನಮ್ಮಣ್ಣ ಮಂಡ್ಯದಲ್ಲಿ ಡಿಪ್ಲೊಮಾ ಓದುತ್ತಾನೆ. ಮನೆಯಲ್ಲಿ ಡ್ರಾಯಿಂಗ್ ಮಾಡಲು ಒಂದು ಹಳೇ ಕಂಪ್ಯೂಟರ್ ತಂದಿದ್ದ. ಅದು ಶುರುವಾಗುವಷ್ಟರಲ್ಲಿ ನಾನು ಹಟ್ಟಿ ಬಾಗಿಲು ಗುಡಿಸಿ ಬರುತ್ತಿದ್ದೆ, ಅಷ್ಟು ನಿಧಾನ. ಅಂಗಡಿಯವರನ್ನು ಕೇಳಿದರೆ, "ಹೊಸಾ ಡೈರೆಕ್ಟ್ ಎಕ್ಸ್ 12 ಕಾರ್ಡು ಬಂದೈತೆ ಕಣಪ್ಪ, ಹಾಕ್ಸು, ಕುದ್ರೆ ಓಡ್ದಂಗೆ ಓಡ್ತದೆ" ಅಂದರಂತೆ. ಅವ್ವ ರೇಷ್ಮೆ ಗೂಡು ಮಾರಿದ ದುಡ್ಡಿನಲ್ಲಿ 4,200 ರೂಪಾಯಿ ತೆಗೆದು ಕೊಟ್ಟಳು. ಆ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿಯೆಲ್ಲಾ ಸೊಪ್ಪು ಹಾಕಿದ್ದು ನಾನೂ ಅವ್ವನೂ. ಅದಕ್ಕೇ ನನಗೆ ಇನ್ನೂ ಸಿಟ್ಟು.

ಕಾರ್ಡು ಹಾಕಿದೆವು. ಅಣ್ಣನ ಕಂಪ್ಯೂಟರಿನಲ್ಲಿ ಸೂಪರ್ ಟಕ್ಸ್ ಕಾರ್ಟ್ ಅಂತ ಪುಕ್ಕಟೆ ಗಾಡಿ ಆಟ ಇದೆ. ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತವೆ ಎಂದು ಅದರಲ್ಲೇ ತೋರಿಸುತ್ತದೆ. ಕಾರ್ಡಿಗೆ ಮೊದಲು 24, 25 ಬರುತ್ತಿತ್ತು. ಕಾರ್ಡು ಹಾಕಿದ ಮೇಲೆ 27. ಕುದುರೆ ಎಲ್ಲಿ ಓಡಿತು? ಇನ್ನೊಂದು ತಮಾಷೆ ಆಮೇಲೆ ಗೊತ್ತಾಯಿತು. ಈ ಆಟ ಡೈರೆಕ್ಟ್ ಎಕ್ಸನ್ನು ಕೇಳುವುದೇ ಇಲ್ಲ, ಓಪನ್ ಜಿಎಲ್ ಅನ್ನುವ ಬೇರೆ ಪದ್ಧತಿಯಲ್ಲಿ ನಡೆಯುತ್ತದೆ. ಡೈರೆಕ್ಟ್ ಎಕ್ಸ್ 12 ಅನ್ನುವುದಾದರೂ 2015ರಲ್ಲೇ ವಿಂಡೋಸ್ 10 ಜೊತೆ ಬಂದದ್ದು. ಆಗ ನಾನು ಅಂಗನವಾಡಿಗೂ ಸೇರಿರಲಿಲ್ಲ. ಇದು ಲೇಟೆಸ್ಟ್ ಹೆಂಗಾಯ್ತು ಅಂತ ನನ್ನ ಪ್ರಶ್ನೆ.

ಹಾಗಾದರೆ ಡೈರೆಕ್ಟ್ ಎಕ್ಸ್ 12 ಸುಳ್ಳೇ? ಸುಳ್ಳಲ್ಲ. ನಮ್ಮ ಬಿಸಿಯೂಟದ ಅಡುಗೆ ಮನೆ ನೆನಪು ಮಾಡಿಕೊಳ್ಳಿ. ಗ್ರಾಫಿಕ್ಸ್ ಕಾರ್ಡು ಒಲೆ ಇದ್ದ ಹಾಗೆ. ಪ್ರೊಸೆಸರ್ ತರಕಾರಿ ಹೆಚ್ಚಿ ಕೊಡುವವರು. ಹಳೇ ಪದ್ಧತಿಯಲ್ಲಿ ಹೆಚ್ಚುಕಡಿಮೆ ಒಬ್ಬರೇ ಹೆಚ್ಚಬೇಕು, ಅಲ್ಲಿಯ ತನಕ ಒಲೆ ಸುಮ್ಮನೆ ಉರಿಯುತ್ತಿರುತ್ತದೆ. ಡೈರೆಕ್ಟ್ ಎಕ್ಸ್ 12, ವಲ್ಕನ್ ಇಂಥ ಹೊಸ ಪದ್ಧತಿಯಲ್ಲಿ ನಾಲ್ಕು ಜನ ಒಟ್ಟಿಗೆ ಕೂತು ಹೆಚ್ಚಬಹುದು. ಒಲೆ ದೊಡ್ಡದಿದ್ದರೆ ಊಟ ಬೇಗ ಆಗುತ್ತದೆ. ಒಲೆಯೇ ಚಿಕ್ಕದಾದರೆ ಹತ್ತು ಜನ ಹೆಚ್ಚಿ ಕೊಟ್ಟರೂ ಸಾರು ಅಷ್ಟೇ ಹೊತ್ತಿಗೆ ಕುದಿಯುವುದು. ಜೊತೆಗೆ ಆಟ ಬರೆಯುವವರು ಆ ಪದ್ಧತಿಗೆ ತಕ್ಕಂತೆ ಬರೆದಿರಬೇಕು. ಡಬ್ಬದ ಮೇಲೆ 12 ಅಂತ ಇದ್ದರೆ ಆ ಕಾರ್ಡಿಗೆ ಆ ಭಾಷೆ ಅರ್ಥವಾಗುತ್ತದೆ ಎಂದು ಮಾತ್ರ ತಿಳಿಯಬೇಕು. ಅದು ಎಷ್ಟು ಜೋರು ಎಂದು ಆ ಅಂಕಿ ಹೇಳುವುದಿಲ್ಲ.

ಇದನ್ನೆಲ್ಲಾ ಅವ್ವನಿಗೆ ಹೇಳಿದೆ. ಅವಳು, "ದ್ವಿತಳಿ ಮೊಟ್ಟೆ ತಂದ್ಬುಟ್ರೆ ಆಯ್ತದಾ, ಹುಳಿನ ಮನೆ ತಂಪಾಗಿರ್ಬೇಡ್ವಾ?" ಅಂದಳು. ನಾನು ಅರ್ಧ ಪುಟದಲ್ಲಿ ಬರೆದದ್ದನ್ನು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು.

ಸಣ್ಣ ಅಂಗಡಿಯವರು ಮಾತ್ರ ಹೀಗೆ ಅಂದುಕೊಳ್ಳಬೇಡಿ. ಕಾರ್ಡು ಮಾಡುವ ದೊಡ್ಡ ಕಂಪನಿಗಳೂ ಡಂಗುರ ಹೊಡೆಯುವುದರಲ್ಲಿ ಹಿಂದೆ ಬಿದ್ದಿಲ್ಲ. 2013ರಲ್ಲಿ ಎಎಂಡಿ ಕಂಪನಿ ಮ್ಯಾಂಟಲ್ ಅನ್ನುವ ಹೊಸ ಪದ್ಧತಿ ತಂದು ಬಹಳ ಹೊಗಳಿಕೊಂಡಿತು. 2015ರಲ್ಲಿ ಅವರೇ, ಇನ್ನು ಹೊಸದಾಗಿ ಬರೆಯುವವರು ಡೈರೆಕ್ಟ್ ಎಕ್ಸ್ 12ರ ಕಡೆ ನೋಡಿ ಎಂದರು. ಮ್ಯಾಂಟಲ್ ಹೆಸರು ನೋಡಿಯೇ ಕಾರ್ಡು ಕೊಂಡವರ ಕಥೆ ಏನು? ಆದರೆ ಆ ಕೆಲಸ ಪೂರ್ತಿ ದಂಡ ಆಗಲಿಲ್ಲ. ಅದರ ಮೇಲೆಯೇ ಕಟ್ಟಿ 2016ರಲ್ಲಿ ವಲ್ಕನ್ ಬಂತು. ಅದು ಈಗ ಆಂಡ್ರಾಯ್ಡ್ ಫೋನುಗಳಲ್ಲೂ ಇದೆ.

2018ರ ಆಗಸ್ಟ್‌ನಲ್ಲಿ ಎನ್‌ವಿಡಿಯಾ ಕಂಪನಿ ಆರ್‌ಟಿಎಕ್ಸ್ ಕಾರ್ಡುಗಳನ್ನು ತೋರಿಸಿತು. ಬೆಳಕಿನ ಕಿರಣ ಹೇಗೆ ಬೀಳುತ್ತದೆ, ಹೇಗೆ ಪ್ರತಿಫಲಿಸುತ್ತದೆ ಎಂದು ಲೆಕ್ಕ ಹಾಕಿ ಚಿತ್ರ ಬರೆಯುತ್ತದಂತೆ, ನಮ್ಮ ವಿಜ್ಞಾನ ಪಾಠದ ಹಾಗೆ. ಸೆಪ್ಟೆಂಬರಿನಲ್ಲಿ ಮಾರಾಟ ಶುರುವಾಯಿತು. ಆದರೆ ಆ ಕಿರಣ ತೋರಿಸುವ ಒಂದು ಆಟವೂ ಆವತ್ತು ಇರಲಿಲ್ಲ! ಬ್ಯಾಟಲ್‌ಫೀಲ್ಡ್ 5 ಅನ್ನುವ ಆಟಕ್ಕೆ ಅದು ಬಂದದ್ದು ನವೆಂಬರಿನಲ್ಲಿ. ದುಡ್ಡು ಕೊಟ್ಟವರು ಬರೀ ಕಾದರು. ಈಗ ತುಂಬಾ ಆಟಗಳಲ್ಲಿ ಅದು ಇದೆ, ಅದನ್ನೂ ಹೇಳಬೇಕು.

ಎಲ್ಲಕ್ಕಿಂತ ನನಗೆ ಮಜಾ ಅನ್ನಿಸಿದ್ದು 2025ರದ್ದು. ಜನವರಿ 6ರಂದು ಅಮೆರಿಕದ ಲಾಸ್ ವೇಗಸ್‌ನಲ್ಲಿ ಎನ್‌ವಿಡಿಯಾ ಕಂಪನಿಯ ಮುಖ್ಯಸ್ಥರಾದ ಜೆನ್ಸನ್ ಹುವಾಂಗ್ ಅವರು, 549 ಡಾಲರಿನ 5070 ಕಾರ್ಡು 1,599 ಡಾಲರಿನ 4090 ಕಾರ್ಡಿನಷ್ಟೇ ಕೆಲಸ ಮಾಡುತ್ತದೆ ಎಂದರು. ಎಐ ಇಲ್ಲದೆ ಇದು ಆಗುತ್ತಿರಲಿಲ್ಲ ಎಂದೂ ಅಲ್ಲೇ ಹೇಳಿದರು. ಗುಟ್ಟು ಅದರಲ್ಲೇ ಇದೆ. ನಾವು ನೋಟ್ ಬುಕ್ಕಿನ ಮೂಲೆಯಲ್ಲಿ ಓಡುವ ಮನುಷ್ಯನನ್ನು ಬರೆದು ಪುಟ ಪರಪರ ತಿರುಗಿಸುತ್ತೇವಲ್ಲ, ಹಾಗೆ. ಕಾರ್ಡು ಒಂದು ಚಿತ್ರ ಬರೆಯುತ್ತದೆ, ಮಧ್ಯದ ಮೂರು ಚಿತ್ರಗಳನ್ನು ಎಐ ಊಹೆ ಮಾಡಿ ತುಂಬುತ್ತದೆ. ನೋಡಲು ನುಣ್ಣಗೆ ಓಡುತ್ತದೆ, ನಿಜ. ಆದರೆ ನೀವು ಬಟನ್ ಒತ್ತಿದ್ದು ಊಹೆಯ ಚಿತ್ರಕ್ಕೆ ಕೇಳಿಸುವುದಿಲ್ಲ. ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಮಾಡುವವರು ಊಹೆಯ ಚಿತ್ರ ಬಿಟ್ಟು ಎರಡನ್ನೂ ಓಡಿಸಿ ನೋಡಿದಾಗ 5070 ಬಹಳ ಹಿಂದೆ ಬಿತ್ತು. ಮೆಮೊರಿಯೇ ಅದಕ್ಕೆ 12 ಜಿಬಿ, ಇದಕ್ಕೆ 24 ಜಿಬಿ. ಪರೀಕ್ಷೆಯಲ್ಲಿ ನಾನು ಒಂದು ಉತ್ತರ ಬರೆದು ಮೂರು ಊಹೆ ಬರೆದರೆ ನಮ್ಮ ಮೇಷ್ಟ್ರು ನಾಲ್ಕಕ್ಕೂ ಅಂಕ ಕೊಡುತ್ತಾರೆಯೇ?

ಈ ಕಂಪನಿಯವರೆಲ್ಲಾ ಕೆಟ್ಟವರು ಅಂತ ನಾನು ಬರೆಯುತ್ತಿಲ್ಲ. ಎರಡೂ ಕಂಪನಿಗಳು ಬೆಂಗಳೂರಿನಲ್ಲೇ ಇವೆ. ಎಎಂಡಿಯವರು 2023ರ ನವೆಂಬರಿನಲ್ಲಿ ಅಲ್ಲಿ 5 ಲಕ್ಷ ಚದರ ಅಡಿಯ ದೊಡ್ಡ ವಿನ್ಯಾಸ ಕೇಂದ್ರ ತೆರೆದರು. ನಮ್ಮಣ್ಣನಿಗೂ ಅಲ್ಲಿ ಕೆಲಸ ಮಾಡಬೇಕು ಅಂತ ಆಸೆ. ಅವನಿಗೆ ಆ ಕಾರ್ಡುಗಳ ಮೇಲೆ ಪ್ರೀತಿ ಹೋಗಿಲ್ಲ, ಡಬ್ಬದ ಮೇಲಿನ ಅಕ್ಷರದ ಮೇಲೆ ಮಾತ್ರ ನಂಬಿಕೆ ಹೋಗಿದೆ.

ಈಗ ನಮ್ಮ ಶಾಲೆಯ ವಿಷಯ. ನಾವು ಕಂಪ್ಯೂಟರಿನಲ್ಲಿ ಮಾಡುವುದು ಏನು? ನುಡಿಯಲ್ಲಿ ಕನ್ನಡ ಟೈಪ್ ಮಾಡುತ್ತೇವೆ, ಪಾಠದ ವಿಡಿಯೋ ನೋಡುತ್ತೇವೆ, ಚಿತ್ರ ಬಿಡಿಸುತ್ತೇವೆ. ಅದಕ್ಕೆಲ್ಲಾ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಸಾಕು. ಏಳನೇ ಕ್ಲಾಸಿನ ಒಬ್ಬ ಗೆಳೆಯ (ಹೆಸರು ಬರೆದರೆ ಹೊಡೀತಾನೆ), "ಕಾರ್ಡು ಇದ್ರೆ ಆಟ ಆಡ್ಬೋದು ಕಣ್ಲಾ, ನಿಂಗ್ಯಾಕ್ಲಾ ಉರಿ?" ಅಂತಾನೆ. ಅವನಿಗೂ ಹೇಳುತ್ತೇನೆ, ಆ ರೇಟಿನ ಕಾರ್ಡಿನಲ್ಲಿ ನೀನು ಅಂದುಕೊಂಡಿರುವ ಆಟ ಓಡುವುದಿಲ್ಲ.

ಮೂರು ಕಾರ್ಡಿಗೆ 13,500 ರೂಪಾಯಿ. ಮಳೆ ಹನಿ ಬಿದ್ದರೆ ನಮ್ಮೂರಲ್ಲಿ ಕರೆಂಟು ಹೋಗುತ್ತದೆ, ಟೈಪ್ ಮಾಡಿದ್ದೆಲ್ಲಾ ಹೋಗುತ್ತದೆ. ಆ ದುಡ್ಡಿನಲ್ಲಿ ಮೂರಕ್ಕೂ ಒಂದೊಂದು ಯುಪಿಎಸ್ ತರಲಿ. ಪಟ್ಟಿಯಲ್ಲಿ ಹಾರ್ಡ್ ಡಿಸ್ಕ್ ಅಂತ ಇರುವ ಕಡೆ ಎಸ್‌ಎಸ್‌ಡಿ ಅಂತ ಬದಲಾಯಿಸಲಿ. ಅಣ್ಣನ ಕಂಪ್ಯೂಟರಿಗೂ ಕೊನೆಗೆ ಕಾಲೇಜಿನ ಮೇಷ್ಟ್ರೊಬ್ಬರು ಹೇಳಿದ ಮೇಲೆ ಎಸ್‌ಎಸ್‌ಡಿ ಹಾಕಿಸಿದ್ದು. ಈಗ ನಾನು ಪೊರಕೆ ಹಿಡಿಯುವಷ್ಟರಲ್ಲಿ ಶುರುವಾಗಿರುತ್ತದೆ. ಅದಕ್ಕೆ ಆದ ಖರ್ಚು ಕಾರ್ಡಿನ ಅರ್ಧವೂ ಇಲ್ಲ.

ಶನಿವಾರ ಎಸ್‌ಡಿಎಂಸಿ ಸಭೆ ಇದೆ. ಹೆಡ್ ಮೇಷ್ಟ್ರು ಒಪ್ಪಿದರೆ ಆವತ್ತು ಅಂಗಡಿಯವರನ್ನು ಕರೆಸಿ, ಒಂದೇ ಕಂಪ್ಯೂಟರಿನಲ್ಲಿ ಕಾರ್ಡು ಹಾಕಿ ಒಂದು ಸಲ, ತೆಗೆದು ಒಂದು ಸಲ, ನಮ್ಮ ಪಾಠದ ವಿಡಿಯೋ ಮತ್ತು ನುಡಿ ಓಡಿಸಿ ತೋರಿಸಲು ಹೇಳಬೇಕೆಂದು ಕೋರುತ್ತೇನೆ. ನಮ್ಮ ಕಾರ್ಡನ್ನು ಆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಡಬ್ಬದ ಸಮೇತ ಮನೆಯಲ್ಲೇ ಇದೆ. ಶನಿವಾರ ತರುತ್ತೇನೆ, ಪರೀಕ್ಷೆಗೆ ಅದನ್ನೇ ಹಾಕಬಹುದು.

ಇಂತಿ,
7ನೇ ತರಗತಿ ವಿದ್ಯಾರ್ಥಿ